ಕಲ್ಲಿನೆದುರು ನಿಂತ ವಿದ್ವಾಂಸ: ಥಿಯೋಡೋರ್ ಮೊಮ್ಸೆನ್ ಮತ್ತು ಲ್ಯಾಟಿನ್ ಶಾಸನಗಳು

ಸಾಹಿತ್ಯದ ನೊಬೆಲ್ ಬಹುಮಾನ ಶುರುವಾದ ಎರಡನೆಯ ವರ್ಷ, 1902ರಲ್ಲಿ, ಅದು ಒಬ್ಬ ಇತಿಹಾಸಕಾರರಿಗೆ ಸಂದಿತು. ಜರ್ಮನಿಯ ಥಿಯೋಡೋರ್ ಮೊಮ್ಸೆನ್ ಅವರಿಗೆ ಆಗ 85 ವರ್ಷ. ಬಹುಮಾನ ಸಮಿತಿ ಮುಖ್ಯವಾಗಿ ಹೆಸರಿಸಿದ್ದು ಅವರ ರೋಮ್ ಇತಿಹಾಸವನ್ನು. ಅದರ ಮೊದಲ ಮೂರು ಸಂಪುಟಗಳು 1854ರಿಂದ 1856ರೊಳಗೆ, ಅವರಿಗೆ ನಲವತ್ತು ತುಂಬುವ ಮೊದಲೇ ಅಚ್ಚಾಗಿದ್ದವು. ಈಗಲೂ ಓದಿಸಿಕೊಂಡು ಹೋಗುವ ಪುಸ್ತಕ ಅದು. ಆದರೆ ಪ್ರಾಚೀನ ರೋಮ್ ಬಗ್ಗೆ ಕೆಲಸ ಮಾಡುವವರ ಮೇಜಿನ ಮೇಲೆ ದಿನವೂ ತೆರೆದಿರುವುದು ಅವರ ಇನ್ನೊಂದು ಕೆಲಸ, ಲ್ಯಾಟಿನ್ ಶಾಸನಗಳ ಮಹಾಸಂಗ್ರಹ. 'ಕಾರ್ಪಸ್ ಇನ್‌ಸ್ಕ್ರಿಪ್ಟಿಯೋನಂ ಲ್ಯಾಟಿನಾರಂ' ಎಂದು ಅದರ ಹೆಸರು. ಅದನ್ನು ಯಾರೂ ಮೊದಲಿಂದ ಕೊನೆಯವರೆಗೆ ಓದುವುದಿಲ್ಲ. ದಪ್ಪ ದಪ್ಪ ಸಂಪುಟಗಳು, ಶಾಸನವೂ ಲ್ಯಾಟಿನ್, ಟಿಪ್ಪಣಿಯೂ ಲ್ಯಾಟಿನ್. ಇವತ್ತಿಗೆ 17 ಸಂಪುಟಗಳಲ್ಲಿ, ಹತ್ತಾರು ಭಾಗಗಳಲ್ಲಿ, ಸುಮಾರು 1,80,000 ಶಾಸನಗಳು ಅದರೊಳಗಿವೆ.

ಎಪಿಗ್ರಾಫಿಯಾ ಕರ್ನಾಟಿಕವನ್ನು ತಿರುವಿ ಹಾಕಿದ ಕನ್ನಡಿಗರಿಗೆ ಇದರ ಸ್ವರೂಪ ಹೇಳಿಕೊಡಬೇಕಾಗಿಲ್ಲ. ಬಿ. ಎಲ್. ರೈಸ್ ಅವರು ಶಾಸನಗಳನ್ನು ಜಿಲ್ಲೆ, ತಾಲೂಕುಗಳ ಪ್ರಕಾರ ಜೋಡಿಸಿ ಒಂದೊಂದಕ್ಕೂ ಸಂಖ್ಯೆ ಕೊಟ್ಟರು. ಹಾಗಾಗಿಯೇ ನಾವು ಇವತ್ತಿಗೂ ತಾಲೂಕಿನ ಹೆಸರು ಮತ್ತು ಅಂಕೆ ಹೇಳಿ ಒಂದು ಕಲ್ಲನ್ನು ಗುರುತಿಸುತ್ತೇವೆ. ಲ್ಯಾಟಿನ್ ಸಂಗ್ರಹವೂ ಹೀಗೆಯೇ ಪ್ರಾಂತ್ಯ ಮತ್ತು ಊರುಗಳ ಪ್ರಕಾರ ಸಾಗುತ್ತದೆ. ಈ ಕ್ರಮ ಮೊಮ್ಸೆನ್ ಕಾಲಕ್ಕೆ ತಾನೇತಾನಾಗಿ ಬಂದದ್ದಲ್ಲ, ಅದಕ್ಕಾಗಿ ಅವರು ವರ್ಷಗಟ್ಟಲೆ ವಾದ ಮಾಡಬೇಕಾಯಿತು.

ಮೊಮ್ಸೆನ್ ಹುಟ್ಟಿದ್ದು 1817ರ ನವೆಂಬರ್ 30ರಂದು, ಶ್ಲೆಸ್‌ವಿಗ್ ಪ್ರದೇಶದ ಗಾರ್ಡಿಂಗ್ ಎಂಬ ಸಣ್ಣ ಊರಿನಲ್ಲಿ. ತಂದೆ ಪಾದ್ರಿ. ಕೀಲ್ ವಿಶ್ವವಿದ್ಯಾನಿಲಯದಲ್ಲಿ ಅವರು ಓದಿದ್ದು ಇತಿಹಾಸವನ್ನಲ್ಲ, ಕಾನೂನನ್ನು. ಈ ಸಂಗತಿಯನ್ನು ನೆನಪಿಟ್ಟುಕೊಂಡರೆ ಅವರ ಮುಂದಿನ ಬರಹವೆಲ್ಲ ಅರ್ಥವಾಗುತ್ತದೆ. ರೋಮನ್ ಕಾನೂನು ಕಲಿತ ಕಣ್ಣಿಗೆ ರಾಜ್ಯವೆಂದರೆ ಹುದ್ದೆಗಳು, ಅಧಿಕಾರಗಳು, ಅವುಗಳ ಮಿತಿಗಳು. ಯಾರು ಯಾವ ಹುದ್ದೆಯಲ್ಲಿದ್ದರು, ಎಷ್ಟನೆಯ ಬಾರಿ, ಯಾರ ಜೊತೆ ಎಂಬುದನ್ನು ಅಂದಿನ ಗ್ರಂಥಕರ್ತರು ಬೇಕಾದಲ್ಲಿ ಹೇಳುತ್ತಾರೆ, ಬೇಡವಾದಲ್ಲಿ ಬಿಡುತ್ತಾರೆ. ಕಲ್ಲಿನ ಮೇಲೆ ಅದೇ ಮುಖ್ಯ ವಿಷಯ. ಗೋರಿಕಲ್ಲು, ಮೈಲಿಗಲ್ಲು, ಸೈನಿಕನ ಬಿಡುಗಡೆ ಪತ್ರದ ಕಂಚಿನ ಫಲಕ, ಇಂಥ ಹಲವದರಲ್ಲಿ ಹುದ್ದೆಗಳ ಸರಪಳಿ ಇರುತ್ತದೆ.

ಆಗ ಶ್ಲೆಸ್‌ವಿಗ್ ಡೆನ್ಮಾರ್ಕಿನ ದೊರೆಯ ಆಳ್ವಿಕೆಯಲ್ಲಿತ್ತು. 1844ರಲ್ಲಿ ಡೆನ್ಮಾರ್ಕ್ ಕೊಟ್ಟ ಪ್ರವಾಸವೇತನದಿಂದ ಮೊಮ್ಸೆನ್ ಇಟಲಿಗೆ ಹೋದರು. ಅಲ್ಲಿ ಸಾನ್ ಮರಿನೋದಲ್ಲಿ ಬಾರ್ತೊಲೊಮೆಯೊ ಬೊರ್ಗೆಸಿ ಎಂಬ ಹಿರಿಯ ವಿದ್ವಾಂಸರನ್ನು ಕಂಡರು. ನಾಣ್ಯ ಮತ್ತು ಶಾಸನಗಳನ್ನು ಒಟ್ಟಿಗೆ ಓದಿ ರೋಮ್‌ನ ಅಧಿಕಾರಿಗಳ ಪಟ್ಟಿಯನ್ನು ಮರಳಿ ಕಟ್ಟುವ ವಿದ್ಯೆಯಲ್ಲಿ ಬೊರ್ಗೆಸಿಗೆ ಸಮಾನರಿರಲಿಲ್ಲ. ಕಾನೂನು ಪದವೀಧರನೊಬ್ಬ ಶಾಸನತಜ್ಞನಾಗಿ ಮಾರ್ಪಟ್ಟದ್ದು ಆ ಪ್ರವಾಸದಲ್ಲಿ.

ಅಂದಿನ ಸ್ಥಿತಿ ಹೇಗಿತ್ತೆಂದು ತಿಳಿಯದೆ ಅವರ ಹಟ ಅರ್ಥವಾಗದು. ಶಾಸನಗಳ ಸಂಗ್ರಹಗಳು ಇದ್ದವು, 15ನೆಯ ಶತಮಾನದಿಂದಲೂ. ಒಬ್ಬ ಪ್ರವಾಸಿ ಕಲ್ಲನ್ನು ನೋಡಿ ನಕಲು ಮಾಡಿಕೊಂಡ, ಅದನ್ನು ಇನ್ನೊಬ್ಬ ತನ್ನ ಹಸ್ತಪ್ರತಿಗೆ ಇಳಿಸಿದ, ಮೂರನೆಯವನು ಅಚ್ಚು ಹಾಕಿಸಿದ. ಪ್ರತಿ ಹಂತದಲ್ಲೂ ಒಂದೆರಡು ಅಕ್ಷರ ಕಳಚಿತು, ಹೊಸ ಅಕ್ಷರ ಸೇರಿತು. ಒಂದೇ ಕಲ್ಲು ಎರಡು ಊರಿನ ಹೆಸರಿನಲ್ಲಿ ಎರಡು ಬಾರಿ ಅಚ್ಚಾದದ್ದೂ ಉಂಟು. ಅದರ ಮೇಲೆ ಕೂಟಶಾಸನಗಳು. 16ನೆಯ ಶತಮಾನದ ಪಿರ್ರೊ ಲಿಗೋರಿಯೊ ಎಂಬ ವಾಸ್ತುಶಿಲ್ಪಿಯೊಬ್ಬರ ಹಸ್ತಪ್ರತಿಗಳಲ್ಲೇ ಸಾವಿರಾರು ಸುಳ್ಳು ಶಾಸನಗಳಿದ್ದವು. ನಿಜವಾದವುಗಳ ನಡುವೆ ಅವು ಎಷ್ಟು ಚೆನ್ನಾಗಿ ಬೆರೆತಿದ್ದವೆಂದರೆ ಮುಂದಿನವರು ಅವನ್ನು ಆಧಾರವಾಗಿ ಇಟ್ಟುಕೊಂಡು ಇತಿಹಾಸ ಬರೆದರು.

ಬರ್ಲಿನ್ ಅಕಾಡೆಮಿ ಲ್ಯಾಟಿನ್ ಶಾಸನಗಳ ಸಂಗ್ರಹ ಮಾಡಿಸಬೇಕೆಂದು ಯೋಚಿಸುತ್ತಿತ್ತು. ಅಚ್ಚಾದ ಪುಸ್ತಕಗಳನ್ನೇ ಸೋಸಿ ಬರ್ಲಿನ್ನಿನಲ್ಲಿ ಕೂತು ಕೆಲಸ ಮುಗಿಸಬಹುದು ಎಂಬುದು ಒಂದು ಪಕ್ಷ. ಖರ್ಚು ಕಡಿಮೆ, ಸಮಯವೂ ಕಡಿಮೆ. 1847ರಲ್ಲಿ ಮೊಮ್ಸೆನ್ ಇದಕ್ಕೆ ವಿರುದ್ಧವಾದ ಯೋಜನೆಯನ್ನು ಬರೆದುಕೊಟ್ಟರು. ಕಲ್ಲು ಉಳಿದಿದ್ದರೆ ಹೋಗಿ ನೋಡಬೇಕು. ಉಳಿದಿಲ್ಲದಿದ್ದರೆ ಇರುವ ಎಲ್ಲ ನಕಲುಗಳನ್ನೂ ಕಲೆಹಾಕಿ, ಯಾವುದು ಯಾವುದರಿಂದ ಹುಟ್ಟಿತೆಂದು ವಂಶಾವಳಿ ತೆಗೆದು, ಮೂಲಕ್ಕೆ ಹತ್ತಿರವಾದುದನ್ನು ಮಾತ್ರ ನಂಬಬೇಕು. ಅಕಾಡೆಮಿ ಹಿಂದುಮುಂದು ನೋಡಿತು. ಅವರು ಕಾಯುತ್ತ ಕೂರಲಿಲ್ಲ. ನೇಪಲ್ಸ್ ರಾಜ್ಯದ ಊರೂರು ಸುತ್ತಿ, ಆ ಒಂದು ಪ್ರದೇಶದ ಶಾಸನಗಳನ್ನು ತಮ್ಮ ವಿಧಾನದಲ್ಲೇ ಸಂಪಾದಿಸಿ 1852ರಲ್ಲಿ ಪ್ರಕಟಿಸಿದರು, ಬೊರ್ಗೆಸಿಗೆ ಅರ್ಪಿಸಿದರು. ಮಾದರಿ ಕಣ್ಣೆದುರು ಬಂದಮೇಲೆ ವಾದಕ್ಕೆ ಜಾಗವಿರಲಿಲ್ಲ. 1853ರಲ್ಲಿ ಅಕಾಡೆಮಿ ಒಪ್ಪಿತು. ರೋಮ್‌ನಲ್ಲಿದ್ದ ವಿಲ್‌ಹೆಲ್ಮ್ ಹೆಂಜೆನ್ ಮತ್ತು ಜೊವಾನ್ನಿ ಬತ್ತಿಸ್ತಾ ದೆ ರೊಸ್ಸಿ ಈ ಕೆಲಸದಲ್ಲಿ ಮೊಮ್ಸೆನ್‌ಗೆ ಜೊತೆಗಾರರಾದರು. ಮೊದಲ ಸಂಪುಟ ಹೊರಬರಲು ಇನ್ನೂ ಹತ್ತು ವರ್ಷ ಹಿಡಿಯಿತು, 1863.

ಹಾಗಾದರೆ ಕಲ್ಲಿನ ಮುಂದೆ ನಿಂತವನು ಮಾಡಬೇಕಾದದ್ದು ಏನು? ಮೊದಲು ಹಳೆಯ ನಕಲುಗಳ ಪಟ್ಟಿ ಕೈಯಲ್ಲಿರಬೇಕು, ಯಾರು ಎಲ್ಲಿ ಏನು ಓದಿದ್ದರೆಂದು. ಕಲ್ಲನ್ನು ನೀರು ಮತ್ತು ಮೆದು ಕುಂಚದಿಂದ ತೊಳೆಯಬೇಕು. ಗಟ್ಟಿಯಾಗಿ ಉಜ್ಜಿದರೆ ಸವೆದ ಅಕ್ಷರದ ಅಂಚು ಪಾಚಿಯ ಜೊತೆಗೇ ಹೋಗುತ್ತದೆ. ನಡುಮಧ್ಯಾಹ್ನದ ನೆತ್ತಿಯ ಬಿಸಿಲಿನಲ್ಲಿ ಓದಬಾರದು. ಬೆಳಿಗ್ಗೆ ಅಥವಾ ಸಂಜೆ, ಬೆಳಕು ಪಕ್ಕದಿಂದ ಓರೆಯಾಗಿ ಬಿದ್ದಾಗ ಅಕ್ಷರದ ತಗ್ಗುಗಳಲ್ಲಿ ನೆರಳು ನಿಲ್ಲುತ್ತದೆ. ಕತ್ತಲಾದರೆ ದೀಪವನ್ನು ಕಲ್ಲಿನ ಒಂದು ಬದಿಗೆ ಹಿಡಿಯಬೇಕು. ನಕಲನ್ನು ಸಾಲುಸಾಲಾಗಿ, ಕಲ್ಲಿನಲ್ಲಿ ಸಾಲು ಎಲ್ಲಿ ಮುರಿದಿದೆಯೋ ಅಲ್ಲೇ ಮುರಿದು ಬರೆಯಬೇಕು. ಕಾಣದ ಅಕ್ಷರವನ್ನು ಅರ್ಥದಿಂದ ಊಹಿಸಿ ತುಂಬುವ ಆಸೆಯನ್ನು ತಡೆಯುವುದೇ ಎಲ್ಲಕ್ಕಿಂತ ಕಷ್ಟ. ಭಾಷೆ ಚೆನ್ನಾಗಿ ಬಲ್ಲವರೇ ಇಲ್ಲಿ ಹೆಚ್ಚು ತಪ್ಪುತ್ತಾರೆ, ಏಕೆಂದರೆ ಅವರ ಕಣ್ಣಿಗಿಂತ ಮುಂಚೆ ಮನಸ್ಸು ಪದವನ್ನು ಮುಗಿಸಿಬಿಡುತ್ತದೆ.

ಆಮೇಲೆ ಪಡಿಯಚ್ಚು. ಅಂಟು ಹಾಕದ, ನೀರು ಹೀರುವ ಕಾಗದವನ್ನು ಒದ್ದೆ ಮಾಡಿ ಕಲ್ಲಿನ ಮೇಲೆ ಹರಡಬೇಕು. ದಟ್ಟ ಕೂದಲಿನ ಕುಂಚದಿಂದ ನಡುವಿನಿಂದ ಅಂಚಿನ ಕಡೆಗೆ ಬಡಿಯುತ್ತ ಹೋಗಬೇಕು, ಒಳಗೆ ಗಾಳಿಗುಳ್ಳೆ ಉಳಿಯದಂತೆ. ಕಾಗದ ಹರಿದಲ್ಲಿ ಇನ್ನೊಂದು ಒದ್ದೆ ತುಂಡನ್ನು ಮೇಲಿಟ್ಟು ಬಡಿದರೆ ಕೂಡಿಕೊಳ್ಳುತ್ತದೆ. ಅಕ್ಷರ ಆಳವಾಗಿದ್ದರೆ ಎರಡನೆಯ ಹಾಳೆ ಬೇಕು. ಪೂರ್ತಿ ಒಣಗುವ ಮೊದಲು ತೆಗೆದರೆ ಮೂಡಿದ ಅಕ್ಷರ ಚಪ್ಪಟೆಯಾಗುತ್ತದೆ. ಗಾಳಿ ಬೀಸುವ ದಿನ ಅಂಚು ಮೊದಲು ಒಣಗಿ ಎದ್ದು ಇಡೀ ಹಾಳೆ ಕಳಚಿ ಬೀಳುತ್ತದೆ. ನಮ್ಮ ಶಾಸನ ಇಲಾಖೆಗಳಲ್ಲಿ ಇದೇ ಹಾಳೆಯ ಮೇಲೆ ಬಟ್ಟೆಯ ಉಂಡೆಯಿಂದ ಮಸಿ ತಟ್ಟುವ ರೂಢಿಯಿದೆ, ಆಗ ಕಪ್ಪು ಹಿನ್ನೆಲೆಯಲ್ಲಿ ಅಕ್ಷರ ಬಿಳಿಯಾಗಿ ನಿಲ್ಲುತ್ತದೆ. ಯುರೋಪಿನವರು ಸಾಮಾನ್ಯವಾಗಿ ಮಸಿಯಿಲ್ಲದೆ, ಉಬ್ಬುತಗ್ಗನ್ನೇ ಉಳಿಸಿಕೊಳ್ಳುತ್ತಿದ್ದರು. ಅದನ್ನು ಮನೆಗೆ ತಂದು ದೀಪವನ್ನು ಬೇಕಾದ ಕೋನಕ್ಕೆ ತಿರುಗಿಸಿ ಓದಬಹುದು. ಹಿಂಭಾಗದಲ್ಲಿ ಅಕ್ಷರ ಉಬ್ಬಿ ಸ್ಪಷ್ಟವಾಗಿ ಕಾಣುತ್ತದೆ, ಆದರೆ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ. ಹೊಸಬರು ಮೋಸಹೋಗುವ ಜಾಗ ಇದು.

ಸಂಪುಟದಲ್ಲಿ ಒಂದು ಶಾಸನದ ನಮೂದು ಹೀಗಿರುತ್ತದೆ: ಸಂಖ್ಯೆ, ಸಿಕ್ಕ ಜಾಗ, ಈಗ ಇರುವ ಜಾಗ, ದೊಡ್ಡಕ್ಷರಗಳಲ್ಲಿ ಪಾಠ, ಅದರ ಕೆಳಗೆ ಯಾರು ಯಾರು ನೋಡಿದರು, ಯಾರು ಯಾರಿಂದ ನಕಲಿಸಿದರು, ಪಾಠಾಂತರಗಳೇನು. ಸಂಪಾದಕ ತಾನೇ ಕಲ್ಲಿನಿಂದ ಬರೆದುಕೊಂಡಿದ್ದರೆ 'ದೆಸ್ಕ್ರಿಪ್ಸಿ' ಎಂದು ಒಂದೇ ಪದ. 'ನಾನು ಬರೆದುಕೊಂಡೆ.' ಹಳೆಯ ನಕಲನ್ನು ಕಲ್ಲಿನ ಜೊತೆ ಹೋಲಿಸಿ ನೋಡಿದ್ದರೆ 'ಕೊಂತುಲಿ'. ಆ ಒಂದು ಪದದ ಮೇಲೆ ಓದುಗನ ನಂಬಿಕೆ ನಿಂತಿದೆ.

ಒಂದು ಶಾಸನವನ್ನು ಹತ್ತಿರದಿಂದ ನೋಡೋಣ. ರೋಮ್‌ನ ಪ್ಯಾಂಥಿಯನ್ ದೇಗುಲದ ಮುಖಮಂಟಪದ ಮೇಲೆ ದೊಡ್ಡ ಅಕ್ಷರಗಳಲ್ಲಿ ಹೀಗಿದೆ: 'ಎಂ ಅಗ್ರಿಪ್ಪಾ ಎಲ್ ಎಫ್ ಕೋಸ್ ಟೆರ್ಟಿಯುಂ ಫೇಕಿಟ್'. ಎಂ ಎಂದರೆ ಮಾರ್ಕುಸ್. ಎಲ್ ಎಫ್ ಎಂದರೆ ಲೂಕಿಯುಸ್‌ನ ಮಗ. ಕೋಸ್ ಎಂದರೆ ಕಾನ್ಸುಲ್, ವರ್ಷಕ್ಕೆ ಇಬ್ಬರಂತೆ ಇದ್ದ ಅತ್ಯುನ್ನತ ಅಧಿಕಾರಿ. ಸಂಕ್ಷೇಪದಲ್ಲಿ 'ನ'ಕಾರ ಬಿದ್ದುಹೋದದ್ದು ಬಾಯಿಮಾತಿನಲ್ಲೂ ಅದು ಬಿದ್ದುಹೋಗುತ್ತಿದ್ದುದರಿಂದ. ಟೆರ್ಟಿಯುಂ, ಮೂರನೆಯ ಬಾರಿ. ಫೇಕಿಟ್, ಮಾಡಿಸಿದನು. ಅಗ್ರಿಪ್ಪ ಮೂರನೆಯ ಬಾರಿ ಕಾನ್ಸುಲ್ ಆದದ್ದು ಕ್ರಿ.ಪೂ. 27ರಲ್ಲಿ. ಕಲ್ಲಿನಲ್ಲಿ ಇಸವಿ ಇಲ್ಲದಿದ್ದರೂ ಹುದ್ದೆಯ ಎಣಿಕೆಯಿಂದಲೇ ಕಾಲ ಸಿಕ್ಕಿತು. ನಮ್ಮ ಶಾಸನಗಳಲ್ಲಿ ರಾಜ್ಯಭಾರದ ಇಷ್ಟನೆಯ ವರ್ಷ ಎಂದಿರುವಂತೆ.

ಈಗ ಅಪಾಯ ನೋಡಿ. ಈ ಶಾಸನವನ್ನು ನಂಬಿ, ಈಗ ನಿಂತಿರುವ ಗುಮ್ಮಟವನ್ನು ಅಗ್ರಿಪ್ಪ ಕಟ್ಟಿಸಿದನೆಂದು ಬಹುಕಾಲ ತಿಳಿಯಲಾಗಿತ್ತು. ರೋಮನ್ ಇಟ್ಟಿಗೆಗಳ ಮೇಲೆ ಭಟ್ಟಿಯ ಮುದ್ರೆ ಇರುತ್ತದೆ, ಕೆಲವದರಲ್ಲಿ ಆ ವರ್ಷದ ಕಾನ್ಸುಲ್‌ಗಳ ಹೆಸರೂ ಇರುತ್ತದೆ. ಅವೂ ಶಾಸನಗಳೇ. ಮೊಮ್ಸೆನ್ ಅವರ ಶಿಷ್ಯ ಹೈನ್ರಿಖ್ ಡ್ರೆಸ್ಸೆಲ್ ರೋಮ್ ನಗರದ ಇಟ್ಟಿಗೆ ಮುದ್ರೆಗಳನ್ನು 15ನೆಯ ಸಂಪುಟದಲ್ಲಿ ಕಲೆಹಾಕಿ 1891ರಲ್ಲಿ ಹೊರತಂದರು. ಮರುವರ್ಷ ಫ್ರೆಂಚ್ ವಾಸ್ತುಶಿಲ್ಪಿ ಜಾರ್ಜ್ ಶೆದಾನ್ ಪ್ಯಾಂಥಿಯನ್ನಿನ ಗೋಡೆಯೊಳಗಿನ ಇಟ್ಟಿಗೆಗಳನ್ನು ಪರೀಕ್ಷಿಸಿದಾಗ ಅವು ಕ್ರಿ.ಶ. 2ನೆಯ ಶತಮಾನದವು, ಚಕ್ರವರ್ತಿ ಹೇಡ್ರಿಯನ್ ಕಾಲದ ಆಸುಪಾಸಿನವು ಎಂದು ಗೊತ್ತಾಯಿತು. ಅಗ್ರಿಪ್ಪನ ಕಟ್ಟಡ ಹೋಗಿ ಹೊಸದು ಎದ್ದಿತ್ತು, ಹೊಸದರ ಮೇಲೆ ಹಳೆಯ ಹೆಸರನ್ನೇ ಬರೆಸಲಾಗಿತ್ತು. ಅಂಗೈ ಅಗಲದ ಮುದ್ರೆಗಳು ಮಂಟಪದ ಹಣೆಯ ಮೇಲಿನ ದೊಡ್ಡ ಶಾಸನವನ್ನು ತಿದ್ದಿದವು. ದೊಡ್ಡದು, ಚಿಕ್ಕದು, ಮುರಿದದ್ದು ಎಂದು ನೋಡದೆ ಎಲ್ಲವನ್ನೂ ಸೇರಿಸಬೇಕೆಂಬ ಮೊಮ್ಸೆನ್ ಅವರ ಹಟಕ್ಕೆ ಇದಕ್ಕಿಂತ ಒಳ್ಳೆಯ ಸಮರ್ಥನೆ ನನಗೆ ಕಾಣುವುದಿಲ್ಲ.

ಕೂಟಶಾಸನಗಳನ್ನು ಅವರು ಎಸೆಯಲಿಲ್ಲ. ಪ್ರತಿ ಸಂಪುಟದಲ್ಲಿ ಬೇರೆ ವಿಭಾಗ ಮಾಡಿ, ಸಂಖ್ಯೆಯ ಪಕ್ಕಕ್ಕೆ ನಕ್ಷತ್ರದ ಗುರುತು ಹಾಕಿ ಅಚ್ಚುಹಾಕಿದರು, ಮುಂದೆ ಯಾರಾದರೂ ಅದನ್ನು ಹೊಸದೆಂದು ತಂದರೆ ಹಿಡಿಯಲು ಅನುಕೂಲವಾಗಲಿ ಎಂದು. ಅವರ ನಿಯಮ ಕಠಿಣ. ಒಬ್ಬ ನಕಲುಗಾರ ಸುಳ್ಳುಗಾರನೆಂದು ಒಮ್ಮೆ ಗೊತ್ತಾದರೆ, ಅವನೊಬ್ಬನೇ ಸಾಕ್ಷಿಯಾಗಿರುವ ಎಲ್ಲ ಶಾಸನಗಳೂ ಸಂಶಯಾಸ್ಪದ. ಇದರಿಂದ ಕೆಲವು ನಿಜವಾದ ಶಾಸನಗಳಿಗೂ ಅನ್ಯಾಯವಾಯಿತು. ಲಿಗೋರಿಯೊ ಬರೆದುಕೊಂಡಿದ್ದ ಕೆಲವು ಕಲ್ಲುಗಳು ಆಮೇಲೆ ನಿಜವೆಂದು ತೇಲಿಬಂದವು. ಆದರೂ ಆ ಕಾಲದಲ್ಲಿ ಮತ್ತೊಂದು ದಾರಿ ಇರಲಿಲ್ಲ.

ಇಷ್ಟು ಕೆಲಸ ಒಬ್ಬರಿಂದ ಆಗುವಂಥದ್ದಲ್ಲ. ಮೊಮ್ಸೆನ್ ಅವರು ಪ್ರಾಂತ್ಯಗಳನ್ನು ಹಂಚಿದರು. ಸ್ಪೇನ್ ಮತ್ತು ಬ್ರಿಟನ್ ಎಮಿಲ್ ಹ್ಯೂಬ್ನರ್‌ಗೆ, ಪೊಂಪೈನ ಗೋಡೆಬರಹಗಳು ಕಾರ್ಲ್ ತ್ಸಾಂಗೆಮೈಸ್ಟರ್‌ಗೆ. ಉತ್ತರ ಆಫ್ರಿಕಾವನ್ನು ಸುತ್ತಿದ ಗುಸ್ತಾವ್ ವಿಲ್ಮನ್ಸ್ 1878ರಲ್ಲಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಅವರು ಬಿಟ್ಟುಹೋದ ಕಾಗದಗಳಿಂದ ಮೊಮ್ಸೆನ್ ಸಂಪುಟವನ್ನು ಮುಗಿಸಿ 1881ರಲ್ಲಿ ವಿಲ್ಮನ್ಸ್ ಹೆಸರಿನಲ್ಲೇ ಹೊರತಂದರು. ತಮ್ಮ ಪಾಲಿಗೆ ಅವರು ಇಟ್ಟುಕೊಂಡದ್ದೂ ಕಡಿಮೆಯೇನಲ್ಲ: ಪೂರ್ವ ಪ್ರಾಂತ್ಯಗಳು ಮತ್ತು ಡ್ಯಾನ್ಯೂಬ್ ಸೀಮೆಯ 3ನೆಯ ಸಂಪುಟ, ಉತ್ತರ ಇಟಲಿಯ 5ನೆಯದು, ದಕ್ಷಿಣ ಇಟಲಿಯ 9 ಮತ್ತು 10ನೆಯವು.

ವೃತ್ತಿಜೀವನ ನೇರ ದಾರಿಯಲ್ಲಿ ಸಾಗಲಿಲ್ಲ. 1848ರಲ್ಲಿ ಲೈಪ್ಸಿಗ್‌ನಲ್ಲಿ ಕಾನೂನು ಪ್ರಾಧ್ಯಾಪಕರಾದರು. 1849ರ ಮೇ ತಿಂಗಳ ಸ್ಯಾಕ್ಸನಿ ದಂಗೆಯ ಕಡೆ ನಿಂತದ್ದಕ್ಕೆ 1851ರಲ್ಲಿ ಕೆಲಸ ಹೋಯಿತು. 1852ರಲ್ಲಿ ಜ್ಯೂರಿಕ್, 1854ರಲ್ಲಿ ಬ್ರೆಸ್ಲಾವ್, 1858ರಲ್ಲಿ ಬರ್ಲಿನ್ ಅಕಾಡೆಮಿ, 1861ರಲ್ಲಿ ಬರ್ಲಿನ್ ವಿಶ್ವವಿದ್ಯಾನಿಲಯದ ಪೀಠ. ನೊಬೆಲ್ ತಂದ ಇತಿಹಾಸ ಹುಟ್ಟಿದ್ದೂ ಆ ಅಲೆದಾಟದ ವರ್ಷಗಳಲ್ಲೇ. ಲೈಪ್ಸಿಗ್‌ನಲ್ಲಿ ಅವರ ಒಂದು ಉಪನ್ಯಾಸ ಕೇಳಿದ ಪ್ರಕಾಶಕರಾದ ಕಾರ್ಲ್ ರೈಮರ್ ಮತ್ತು ಸಾಲೊಮೊನ್ ಹಿರ್ಟ್ಸೆಲ್ ಬರೆದುಕೊಡಲು ಕೇಳಿದರು. ರೈಮರ್ ಅವರ ಮಗಳು ಮಾರೀಯನ್ನು ಮೊಮ್ಸೆನ್ 1854ರಲ್ಲಿ ಮದುವೆಯಾದರು, ದಂಪತಿಗೆ 16 ಮಕ್ಕಳು. ಪ್ರಷ್ಯದ ಶಾಸನಸಭೆಯಲ್ಲೂ ಆಮೇಲೆ ಜರ್ಮನ್ ಸಂಸತ್ತಿನಲ್ಲೂ ಕೂತರು. 1880ರಲ್ಲಿ ಸಹೋದ್ಯೋಗಿ ಇತಿಹಾಸಕಾರ ಟ್ರೈಟ್ಷ್ಕೆ ಯಹೂದಿಗಳ ವಿರುದ್ಧ ಬರೆದಾಗ ಬಹಿರಂಗವಾಗಿ ಎದುರುತ್ತರ ಕೊಟ್ಟರು. ಬಿಸ್ಮಾರ್ಕ್‌ನನ್ನು ನಿಂದಿಸಿದ ಆರೋಪದ ಮೇಲೆ 1882ರಲ್ಲಿ ವಿಚಾರಣೆ ಎದುರಿಸಿ ಬಿಡುಗಡೆಯಾದರು.

ಆ ಇತಿಹಾಸದ 3ನೆಯ ಸಂಪುಟ ಸೀಸರನ ಗೆಲುವಿಗೆ ನಿಲ್ಲುತ್ತದೆ. ಪ್ರಾಂತ್ಯಗಳನ್ನು ಕುರಿತ 5ನೆಯ ಸಂಪುಟ 1885ರಲ್ಲಿ ಬಂತು. ಚಕ್ರವರ್ತಿಗಳ ಕಾಲದ 4ನೆಯದು ಬರಲೇ ಇಲ್ಲ. ಕಾರಣಗಳನ್ನು ಹಲವರು ಹಲವು ಬಗೆಯಲ್ಲಿ ಹೇಳಿದ್ದಾರೆ. ನನಗೆ ಒಪ್ಪುವುದು ಇದು: ಪ್ರಾಂತ್ಯಗಳ ಬದುಕನ್ನು ಶಾಸನಗಳಿಂದ ಕಟ್ಟಬಹುದಿತ್ತು, ಅರಮನೆಯ ಕಥೆಗಳಿಗೆ ಮಾತ್ರ ಹಳೆಯ ಗ್ರಂಥಕರ್ತರ ಗಾಳಿಸುದ್ದಿಯನ್ನೇ ನೆಚ್ಚಬೇಕಿತ್ತು. ಕಲ್ಲಿಗೆ ಒಗ್ಗಿದ ಕೈಗೆ ಅದು ಸೇರಲಿಲ್ಲ. ತರಗತಿಯಲ್ಲಿ ಅವರು ಆ ಭಾಗವನ್ನು ಪಾಠ ಮಾಡಿದ್ದರು. ಹೆನ್ಸೆಲ್ ತಂದೆಮಗ ಬರೆದುಕೊಂಡ ಟಿಪ್ಪಣಿಗಳು 1980ರಲ್ಲಿ ನ್ಯೂರೆಂಬರ್ಗಿನ ಹಳೆಪುಸ್ತಕದ ಅಂಗಡಿಯಲ್ಲಿ ಅಲೆಕ್ಸಾಂಡರ್ ಡೆಮಾಂಡ್ಟ್ ಕಣ್ಣಿಗೆ ಬಿದ್ದು, 1992ರಲ್ಲಿ ಅಚ್ಚಾದವು.

1880ರ ಜುಲೈನಲ್ಲಿ ಬರ್ಲಿನ್ ಪಕ್ಕದ ಶಾರ್ಲೊಟೆನ್‌ಬರ್ಗಿನ ಅವರ ಮನೆಗೆ ಬೆಂಕಿ ಬಿತ್ತು. ಸ್ವಂತ ಪುಸ್ತಕಗಳ ಜೊತೆಗೆ ಗ್ರಂಥಾಲಯಗಳಿಂದ ಎರವಲು ತಂದಿದ್ದ ಹಸ್ತಪ್ರತಿಗಳೂ ಸುಟ್ಟವು, ಯೋರ್ದಾನೆಸ್ ಎಂಬ 6ನೆಯ ಶತಮಾನದ ಇತಿಹಾಸಕಾರನ ಕೃತಿಯ ಹೈಡೆಲ್‌ಬರ್ಗ್ ಹಸ್ತಪ್ರತಿಯೂ ಸೇರಿ. ಗಾಥರ ಇತಿಹಾಸಕ್ಕೆ ಅದು ಬಹು ಮುಖ್ಯ ಆಧಾರ. ಅದರ ಪಾಠವನ್ನು ಅವರು ಆಗಲೇ ಪರಿಶೀಲಿಸಿ ಇಟ್ಟುಕೊಂಡಿದ್ದರಿಂದ 1882ರಲ್ಲಿ ಸಂಪಾದಿತ ಗ್ರಂಥ ಹೊರಬಂತು. ಮೂಲ ಮಾತ್ರ ಹೋಯಿತು. ಬೆಲೆಬಾಳುವ ಹಸ್ತಪ್ರತಿಯನ್ನು ವಿದ್ವಾಂಸರ ಮನೆಗೆ ಕಳಿಸುವುದು ಆಗ ಸಾಮಾನ್ಯ ರೂಢಿಯಾಗಿತ್ತು.

ಮೊಮ್ಸೆನ್ ಅತಿ ಹೆಚ್ಚು ಪ್ರೀತಿಯಿಂದ ದುಡಿದ ಶಾಸನ ಅಂಕಾರಾದಲ್ಲಿದೆ. ಅಗಸ್ಟಸ್ ಚಕ್ರವರ್ತಿ ತನ್ನ ಸಾಧನೆಗಳನ್ನು ತಾನೇ ಬರೆದಿಟ್ಟ, ಅದನ್ನು ರೋಮ್‌ನಲ್ಲಿ ಅವನ ಸಮಾಧಿಯೆದುರು ಕಂಚಿನ ಫಲಕಗಳಲ್ಲಿ ಹಾಕಿಸಲಾಯಿತು. ಆ ಕಂಚು ಕರಗಿಹೋಯಿತು. ಅಂಕಾರಾದ ದೇಗುಲದ ಗೋಡೆಯಲ್ಲಿ ಲ್ಯಾಟಿನ್ ಪಾಠವೂ ಗ್ರೀಕ್ ಅನುವಾದವೂ ಕೆತ್ತಿದ್ದರಿಂದ ಉಳಿಯಿತು. ಲ್ಯಾಟಿನ್ ಶಾಸನಗಳ ರಾಣಿ ಎಂದು ಮೊಮ್ಸೆನ್ ಇದನ್ನು ಕರೆದರು. ಅದರ 31ನೆಯ ಪರಿಚ್ಛೇದದಲ್ಲಿ ಭಾರತದ ರಾಜರಿಂದ ರಾಯಭಾರಿಗಳು ಮತ್ತೆ ಮತ್ತೆ ಬಂದರೆಂಬ ಮಾತಿದೆ. ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗಸ್ಟಸ್ ಮತ್ತು ಟೈಬೀರಿಯಸ್‌ರ ಬೆಳ್ಳಿನಾಣ್ಯಗಳು ಸಿಕ್ಕಿರುವುದನ್ನು ಬಲ್ಲವರಿಗೆ ಆ ಸಾಲು ಬಹಳ ಹತ್ತಿರದ್ದೆನಿಸುತ್ತದೆ.

ಅಂಕಾರಾ ಶಾಸನವನ್ನು ಅವರು 1865ರಲ್ಲಿ ಒಮ್ಮೆ ಸಂಪಾದಿಸಿದರು, ಫ್ರೆಂಚ್ ಪ್ರವಾಸಿಗಳು 1861ರಲ್ಲಿ ಮಾಡಿದ ನಕಲುಗಳ ಆಧಾರದಿಂದ. ತೃಪ್ತಿಯಾಗಲಿಲ್ಲ. ಗೋಡೆಯ ಗ್ರೀಕ್ ಭಾಗಕ್ಕೆ ಮನೆಗಳು ಒತ್ತಿಕೊಂಡಿದ್ದವು. 1882ರಲ್ಲಿ ಕಾರ್ಲ್ ಹ್ಯೂಮನ್ ಅಲ್ಲಿಗೆ ಹೋಗಿ ಇಡೀ ಶಾಸನದ ಸುಣ್ಣಗಾರೆಯ ಅಚ್ಚು ತೆಗೆದರು. ಅಂಕಾರಾಕ್ಕೆ ರೈಲು ಬಂದದ್ದು 1892ರಲ್ಲಿ, ಹಾಗಾಗಿ ಆ ಅಚ್ಚುಗಳು ರೈಲಿಲ್ಲದ ದಾರಿಯಲ್ಲೇ ಹೊರಟು ಬರ್ಲಿನ್ ಸೇರಬೇಕಾಯಿತು. ಅವನ್ನು ಮುಂದಿಟ್ಟುಕೊಂಡು 1883ರಲ್ಲಿ ಎರಡನೆಯ ಸಂಪಾದನೆ ಬಂತು.

34ನೆಯ ಪರಿಚ್ಛೇದದಲ್ಲಿ ಅಗಸ್ಟಸ್ ತನ್ನ ಸ್ಥಾನವನ್ನು ಹೇಳಿಕೊಳ್ಳುತ್ತಾನೆ: 'ಆಮೇಲೆ ಇಂಥದ್ದರಲ್ಲಿ ನಾನು ಎಲ್ಲರನ್ನೂ ಮೀರಿದ್ದೆ, ಅಧಿಕಾರದಲ್ಲಿ ಮಾತ್ರ ನನ್ನ ಜೊತೆಯ ಹುದ್ದೆದಾರರಿಗಿಂತ ಹೆಚ್ಚೇನೂ ನನ್ನಲ್ಲಿರಲಿಲ್ಲ.' 'ಇಂಥದ್ದು' ಎಂಬ ಜಾಗದಲ್ಲಿ ಅಂಕಾರಾದ ಲ್ಯಾಟಿನ್ ಪೂರ್ತಿ ಒಡೆದುಹೋಗಿದೆ. ಗ್ರೀಕಿನಲ್ಲಿ 'ಆಕ್ಸಿಯೋಮಾ' ಇದೆ. ಆ ಪದಕ್ಕೆ ಸರಿಹೊಂದುವಂತೆ ಮೊಮ್ಸೆನ್ ಲ್ಯಾಟಿನ್ನಿನಲ್ಲಿ 'ದಿಗ್ನಿತಾತೆ' ಎಂದು ತುಂಬಿದರು, ಗೌರವದಲ್ಲಿ ಎಂದರ್ಥ. ಊಹೆಯ ಅಕ್ಷರಗಳನ್ನು ಕಂಡ ಅಕ್ಷರಗಳಿಂದ ಬೇರೆಯಾಗಿ ಗುರುತಿಸಿಯೇ ಅಚ್ಚುಹಾಕಿದ್ದರು. ಆದರೂ ಅವರ ಹೆಸರಿನ ತೂಕದಿಂದ ಅದೇ ಪಾಠವೆಂದು ಎಲ್ಲರೂ ಓದಿದರು. 1903ರ ನವೆಂಬರ್ 1ರಂದು ಅವರು ತೀರಿಕೊಳ್ಳುವವರೆಗೂ ಅದು ಅಲುಗಲಿಲ್ಲ.

1914ರಲ್ಲಿ ಮತ್ತು 1924ರಲ್ಲಿ ಇಂದಿನ ಟರ್ಕಿಯಲ್ಲಿರುವ ಪಿಸಿಡಿಯಾದ ಅಂತಿಯೋಕ್ಯದಲ್ಲಿ ಇದೇ ಶಾಸನದ ಇನ್ನೊಂದು ಲ್ಯಾಟಿನ್ ಪ್ರತಿಯ ಚೂರುಗಳು ಸಿಕ್ಕವು. 1927ರಲ್ಲಿ ಅವು ಒಟ್ಟಾಗಿ ಪ್ರಕಟವಾದವು. ಆ ಜಾಗದಲ್ಲಿದ್ದ ಪದ 'ಔಕ್ತೋರಿತಾತೆ'. ಗೌರವವಲ್ಲ, ಪ್ರಭಾವ, ಹುದ್ದೆಯಿಂದ ಬರದ, ಕಾನೂನಿನ ಅಳತೆಗೆ ಸಿಗದ, ಒಬ್ಬನ ಮಾತು ನಡೆಯುವಂತೆ ಮಾಡುವ ಶಕ್ತಿ. ರೋಮ್‌ನ ರಾಜ್ಯಕಾನೂನನ್ನು ಮೊಮ್ಸೆನ್ 1871ರಿಂದ 1888ರವರೆಗೆ ಮೂರು ಸಂಪುಟಗಳಲ್ಲಿ ಬರೆದು, ಚಕ್ರವರ್ತಿಯನ್ನು ಸೆನೆಟ್ ಜೊತೆ ಅಧಿಕಾರ ಹಂಚಿಕೊಂಡ ಒಬ್ಬ ಹುದ್ದೆದಾರನೆಂದು ನಿರೂಪಿಸಿದ್ದರು. ಹುದ್ದೆಯ ಆಚೆಗಿನ ಬಲವನ್ನು ಅಗಸ್ಟಸ್ ತನ್ನ ಬಾಯಿಂದಲೇ ಹೇಳಿದ ಆ ಒಂದು ಪದ ಅವರ ಕೈಗೆ ಸಿಕ್ಕಿದ್ದರೆ ಆ ಗ್ರಂಥದ ಒಂದು ಅಧ್ಯಾಯವಾದರೂ ಬೇರೆಯಾಗಿರುತ್ತಿತ್ತು ಎಂದು ನನಗನಿಸುತ್ತದೆ.

ಅದೇ ಪರಿಚ್ಛೇದದ ಮೊದಲ ವಾಕ್ಯದಲ್ಲಿ ಅವರ ಇನ್ನೊಂದು ಊಹಾಪಾಠವಿತ್ತು. ಎಲ್ಲರ ಒಪ್ಪಿಗೆಯಿಂದ ಸರ್ವವನ್ನೂ 'ಕೈವಶ ಮಾಡಿಕೊಂಡು' ಎಂಬರ್ಥದ 'ಪೊತಿತುಸ್'. ಈ ಶತಮಾನದ ಮೊದಲ ವರ್ಷಗಳಲ್ಲಿ ಗುರುತಿಸಲಾದ ಅಂತಿಯೋಕ್ಯದ ಮತ್ತೊಂದು ಚೂರಿನಲ್ಲಿ ಇರುವುದು 'ಪೊತೆನ್ಸ್', ಸರ್ವದ ಮೇಲೂ 'ಹಿಡಿತವುಳ್ಳವನಾಗಿ'. ಅಗಸ್ಟಸ್ ಕುರಿತ ಹೊಸ ಪುಸ್ತಕಗಳು ಈಗ ಆ ಸಾಲನ್ನು ಹೊಸ ಪಾಠದಂತೆ ಅನುವಾದಿಸುತ್ತಿವೆ.